ಕಡ್ಲಿ ಹೊಲದ ಮೇಲೆ ಕಜಕಿಸ್ತಾನದ ರೆಕ್ಕೆ

ಅಗೋ, ನೋಡಿ! ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೊರಟರೆ ಕಣ್ಣು ಹಾಯುವಷ್ಟು ದೂರ ಎರಿ ಹೊಲ. ಮರವೆಂದರೆ ಅಲ್ಲೊಂದು ಜಾಲಿ, ಇಲ್ಲೊಂದು ಬೇವು. ಡಿಸೆಂಬರ್ ತಿಂಗಳು, ಕಡ್ಲಿ ಗಿಡ ಮೊಣಕಾಲಿಗೂ ಬಂದಿಲ್ಲ. ಆ ಹಸಿರಿನ ಮೇಲೆ, ನೆಲದಿಂದ ಎರಡಾಳೆತ್ತರವೂ ಇಲ್ಲ, ಬೂದು ಬಣ್ಣದ ಹಕ್ಕಿಯೊಂದು ತೇಲುತ್ತಿದೆ. ರೆಕ್ಕೆಯ ತುದಿ ಶಾಯಿಯಲ್ಲಿ ಅದ್ದಿದಷ್ಟು ಕಪ್ಪು. ನಾಲ್ಕು ಸಲ ರೆಕ್ಕೆ ಬಡಿದು, ಅವನ್ನು ಮೇಲೆತ್ತಿ ಹಿಡಿದು, ಗಾಳಿಯ ಮೇಲೆ ಜಾರುತ್ತದೆ. ಬದು ಬಂತೋ, ಹೊರಳಿ ಪಕ್ಕದ ಸಾಲು ಹಿಡಿಯುತ್ತದೆ. ಎಡೆ ಹೊಡೆಯುವ ರೈತ ಸಾಲು ಬಿಡದೆ ಹೊಲ ಮುಗಿಸುವ ಹಾಗೆ ಈ ಹಕ್ಕಿ ಇಡೀ ಹೊಲವನ್ನು ಹುಡುಕಿ ಮುಗಿಸುತ್ತದೆ!

ಇದು ಮೊಂಟಾಗು ಸೆಳೆವ. ಇಂಗ್ಲಿಷ್ ಬಲ್ಲ ಹಕ್ಕಿಪ್ರಿಯರು ಇದನ್ನು ಹ್ಯಾರಿಯರ್ ಅನ್ನುತ್ತಾರೆ. ರೆಕ್ಕೆ ಬಿಚ್ಚಿದರೆ ಒಂದು ಮೀಟರಿನ ಆಸುಪಾಸು, ಗಂಡು ಹಕ್ಕಿಯ ತೂಕ ಮಾತ್ರ ಕಾಲು ಕಿಲೋಗಿಂತ ತುಸುವೇ ಹೆಚ್ಚು. ನಮ್ಮಲ್ಲಿಗೆ ಬರುವ ಈ ಹಗುರ ಜೀವ ಹುಟ್ಟುವುದು ಕಜಕಿಸ್ತಾನ, ರಷ್ಯಾಗಳ ಹುಲ್ಲು ಬಯಲಿನಲ್ಲಿ. ಅಲ್ಲಿಂದ ನವಲಗುಂದಕ್ಕೆ ನೇರ ಗೆರೆ ಎಳೆದರೂ 4,000 ಕಿಲೋಮೀಟರಿನಷ್ಟು ದೂರ! ಮರುಭೂಮಿ, ಬೆಟ್ಟ, ಗಡಿಗಳನ್ನೆಲ್ಲ ದಾಟಿ ಬಂದು ಅದು ಇಳಿಯುವುದು ಎಲ್ಲಿಗೆ? ಅಭಯಾರಣ್ಯಕ್ಕಲ್ಲ, ರಾಷ್ಟ್ರೀಯ ಉದ್ಯಾನಕ್ಕಲ್ಲ. ಕಡ್ಲಿ, ಬಿಳಿಜೋಳ, ಕುಸುಬಿ, ಗೋಧಿ ಬೆಳೆಯುವ ನಮ್ಮ ಹಿಂಗಾರಿ ಹೊಲಕ್ಕೆ! ಬಸ್ಸಿನ ಕಿಟಕಿಯಿಂದ ನೋಡಿ “ಏನೂ ಇಲ್ಲದ ಬಯಲು” ಎಂದು ನಾವು ಕಣ್ಣು ಮುಚ್ಚುವ ಜಾಗ ಅದರ ಚಳಿಗಾಲದ ಮನೆ. ಇದನ್ನು ಅರಿತ ಮೇಲೆ ಈ ಬಯಲನ್ನು ಮೊದಲಿನ ಕಣ್ಣಿನಿಂದ ನೋಡಲು ನನಗೆ ಸಾಧ್ಯವೇ ಆಗಿಲ್ಲ.

ಕಿವಿಯಿಂದ ಬೇಟೆಯಾಡುವ ಮುಖ

ದುರ್ಬೀನು ಕಣ್ಣಿಗಿಟ್ಟು ಅದರ ಮುಖ ನೋಡಿದರೆ ಬೆರಗು ಇನ್ನಷ್ಟು. ಹದ್ದಿನ ಕೊಕ್ಕು, ಗೂಬೆಯ ಮುಖ! ಕೆನ್ನೆಯ ಸುತ್ತ ಒತ್ತೊತ್ತಾಗಿ ಹೆಣೆದ ಗರಿಗಳ ತಟ್ಟೆಯೊಂದಿದೆ. ಅದು ಸದ್ದನ್ನು ಹಿಡಿದು ಕಿವಿಗೆ ಮುಟ್ಟಿಸುತ್ತದೆ. ಕಡ್ಲಿ ಗಿಡದ ಬುಡದಲ್ಲಿ ಇಲಿ ಸರಿದಾಡಿದ ಸದ್ದು, ಒಣ ಎಲೆಯ ಮೇಲೆ ಮಿಡತೆ ಕುಪ್ಪಳಿಸಿದ ಸದ್ದು, ಎಲ್ಲವೂ ಮೇಲೆ ತೇಲುವ ಹಕ್ಕಿಗೆ ಕೇಳಬೇಕು. ಅದು ಅಷ್ಟು ಕೆಳಗೆ, ಅಷ್ಟು ನಿಧಾನ ಹಾರುವುದು ಇದಕ್ಕೇ. ಕಣ್ಣು ಮತ್ತು ಕಿವಿ ಒಟ್ಟಿಗೆ ದುಡಿಯುತ್ತವೆ. ಸದ್ದು ಸಿಕ್ಕಿತೋ, ತೇಲುತ್ತಿದ್ದ ಹಕ್ಕಿ ಗಾಳಿಯಲ್ಲೇ ತಡೆದು, ಬಾಲ ಅಗಲಿಸಿ, ಉದ್ದ ಕಾಲು ಕೆಳಗೆ ಚಾಚಿ, ಗಿಡದೊಳಗೆ ಬಿದ್ದೇಬಿಡುತ್ತದೆ!

ಈ ಬಯಲಿಗೆ ಬರುವ ಸೆಳೆವ ಇದೊಂದೇ ಅಲ್ಲ. ಬಿಳಿ ಸೆಳೆವ ಬರುತ್ತದೆ. ಅದರ ಗಂಡು ಹಕ್ಕಿ ಎಷ್ಟು ಬೆಳ್ಳಗೆಂದರೆ ಮುಂಜಾನೆಯ ಮಂಜಿನಲ್ಲಿ ರೆಕ್ಕೆಯ ಕಪ್ಪು ತುದಿಗಳಷ್ಟೇ ಕಂಡು ಉಳಿದದ್ದು ಮಾಯವಾಗಿಬಿಡುತ್ತದೆ. ಕೆರೆ, ಕಾಲುವೆ, ಹಳ್ಳದ ದಂಡೆಗೆ ಜೌಗು ಸೆಳೆವ ಬರುತ್ತದೆ. ಕಂದು ಮೈಯ ಇದರ ಹೆಣ್ಣಿಗೆ ತಲೆ ಮಾತ್ರ ಬೆಣ್ಣೆ ಬಣ್ಣ. ಮಲಪ್ರಭೆಯ ಕಡೆ ಹರಿಯುವ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳ ಆಪು ಬೆಳೆದ ದಂಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಕಂದು ಬಣ್ಣದ ಹೆಣ್ಣು, ಮರಿ ಹಕ್ಕಿಗಳನ್ನು ಗುರುತಿಸುವುದಿದೆಯಲ್ಲ, ಸಂಶೋಧಕರ ನಿಜವಾದ ಪರೀಕ್ಷೆ ಅದು. ಮೊಂಟಾಗು ಹೆಣ್ಣಿಗೂ ಬಿಳಿ ಸೆಳೆವದ ಹೆಣ್ಣಿಗೂ ಮೈಯೆಲ್ಲ ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟೆ. ವ್ಯತ್ಯಾಸ ಇರುವುದು ಕೊರಳಲ್ಲಿ. ಕಪ್ಪು ಕೆನ್ನೆಯ ಹಿಂದೆ ತಿಳಿ ಬಣ್ಣದ ಪಟ್ಟಿ ಎದ್ದು ಕಂಡರೆ ಬಿಳಿ ಸೆಳೆವ. ಹಾರುವ ಹಕ್ಕಿಯ ಕೊರಳಲ್ಲಿ ಬೆರಳಗಲದ ಪಟ್ಟಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯಬೇಕು. ಹಿಡಿಯಲಾಗದಿದ್ದರೆ ವಹಿಯಲ್ಲಿ “ಜಾತಿ ತಿಳಿಯಲಿಲ್ಲ” ಎಂದೇ ಬರೆಯಬೇಕು. ಊಹೆಗೆ ಅಲ್ಲಿ ಜಾಗವಿಲ್ಲ.

ಹುಳಿ ಇಬ್ಬನಿಯಲ್ಲಿ ಬೆಳಗು

ಹಕ್ಕಿ ಸಂಶೋಧಕರ ದಿನ ಸೂರ್ಯನಿಗಿಂತ ಮೊದಲು ಹುಟ್ಟುತ್ತದೆ. ಬೈಕಿನ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನೀರಿನ ಬಾಟಲಿ. ಹೆಗಲಲ್ಲಿ ದುರ್ಬೀನು, ಜೇಬಿನಲ್ಲಿ ಜಿಪಿಎಸ್, ಪೆನ್ಸಿಲ್, ಸಣ್ಣ ವಹಿ. ಮೊದಲೇ ಗುರುತು ಹಾಕಿಕೊಂಡ ನೇರ ಗೆರೆಯ ಮೇಲೆ ಬದುವಿನಿಂದ ಬದುವಿಗೆ ನಿಧಾನ ನಡೆಯಬೇಕು. ಕಂಡ ಹಕ್ಕಿ ಯಾವುದು, ಎಷ್ಟು, ಗೆರೆಯಿಂದ ಎಷ್ಟು ದೂರ, ಯಾವ ಬೆಳೆಯಲ್ಲಿ, ಏನು ಮಾಡುತ್ತಿತ್ತು, ಗಂಟೆ ಎಷ್ಟು, ಎಲ್ಲವನ್ನೂ ಬರೆಯಬೇಕು. ಕಾಣದಿದ್ದರೂ ಬರೆಯಬೇಕು. ಏಕೆಂದರೆ “ಇಲ್ಲ” ಎನ್ನುವುದೂ ಒಂದು ದಾಖಲೆಯೇ!

ಕಡ್ಲಿ ಹೊಲದಲ್ಲಿ ಮುಂಜಾನೆ ನಡೆದವರಿಗೆ ಗೊತ್ತು, ಪ್ಯಾಂಟು ಮೊಣಕಾಲಿನವರೆಗೆ ತೊಯ್ದು ಕಾಲು ಚುರುಗುಡುತ್ತದೆ. ಕಡ್ಲಿ ಎಲೆಯ ಸಣ್ಣ ಕೂದಲುಗಳು ಹುಳಿ ಸ್ರವಿಸುತ್ತವೆ, ಅದು ಇಬ್ಬನಿಯಲ್ಲಿ ಬೆರೆಯುತ್ತದೆ. ನಮ್ಮ ಅಜ್ಜಿಯರು ರಾತ್ರಿ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ, ಕಡ್ಲಿ ಹುಳಿ ತೆಗೆದಿಡುತ್ತಿದ್ದರಲ್ಲ, ಅದೇ ಇದು.

ಈ ಬೋಳು ಬಯಲಿನಲ್ಲಿ ನಡೆಯುತ್ತ ಹೋದರೆ ಏನೇನು ಎದ್ದು ಬರುತ್ತದೆ ಅಂತೀರಿ! ಹೆಂಟೆಯ ಬಣ್ಣದಲ್ಲೇ ಕರಗಿ ಕೂತ ನೆಲಗುಬ್ಬಿ ಕಾಲ ಬುಡದಿಂದ ಪುರ್ರೆಂದು ಹಾರಿ, ಆಕಾಶಕ್ಕೇರಿ, ಸಿಳ್ಳೆ ಹಾಕುತ್ತ ಕೆಳಗೆ ಧುಮುಕುತ್ತದೆ. ಬದುವಿನ ಕರಿಕಿಯಿಂದ ಲಾವಕ್ಕಿ ಸಿಡಿಯುತ್ತದೆ. ತಂತಿಯ ಮೇಲೆ ನಮ್ಮ ರಾಜ್ಯಪಕ್ಷಿ ನೀಲಕಂಠ. ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುವ ಚಾಣ. ಹರಗಿದ ಹೊಲದಲ್ಲಿ ಕಲ್ಲುಗೌಜಲಕ್ಕಿ. ಇದರ ಗಂಡು ಹಕ್ಕಿ ನೀರಿಗಿಳಿದು ಎದೆ, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು, ಆ ನೀರನ್ನು ಗರಿಯಲ್ಲೇ ಹೊತ್ತು ಹಾರಿ, ಬಯಲಿನ ಮರಿಗಳಿಗೆ ಕುಡಿಸುತ್ತದೆ!

ಇನ್ನು ಗುಲಾಬಿ ಕಬ್ಬಕ್ಕಿ. ಜೋಳಕ್ಕೆ ಹಾಲು ತುಂಬುವ ಹೊತ್ತಿಗೆ ಮೋಡ ಕವಿದಂತೆ ಬಂದು ಬೀಳುತ್ತವೆ, ರೈತರು ಕವಣೆ ಬೀಸಿ ಓಡಿಸುತ್ತಾರೆ. ಇವೂ ಮಧ್ಯ ಏಷ್ಯಾದವೇ. ಅತ್ತ ಚೀನಾದ ಶಿನ್‌ಜಿಯಾಂಗ್ ಪ್ರಾಂತದಲ್ಲಿ ಇದೇ ಹಕ್ಕಿಗೆ ಜನ ಕಲ್ಲಿನ ಗೂಡು ಕಟ್ಟಿಕೊಟ್ಟು ಕರೆಯುತ್ತಾರೆ. ಏಕೆ ಗೊತ್ತೆ? ಹುಲ್ಲುಗಾವಲಿನ ಮಿಡತೆಗಳನ್ನು ತಿಂದು ಮುಗಿಸಲಿ ಎಂದು! ಇಲ್ಲಿಯೂ ಅದು ಜೋಳಕ್ಕಷ್ಟೇ ಬೀಳುವ ಹಕ್ಕಿಯಲ್ಲ. ಕಡ್ಲಿಯ ಕಾಯಿಕೊರಕ ಹುಳುವಿಗೆ ಕಬ್ಬಕ್ಕಿ, ಗೊರವಂಕ, ಕಾಜಾಣ, ಬೆಳ್ಳಕ್ಕಿಗಳೆಲ್ಲ ಶತ್ರುಗಳೇ. ಕಡ್ಲಿ ಹೊಲದಲ್ಲಿ ಹಕ್ಕಿ ಕೂರಲು ಕವಲು ಕೋಲು ನೆಡಿ, ಅಲ್ಲಲ್ಲಿ ಜೋಳದ ಕಾಳು ಚೆಲ್ಲಿ ಬೆಳೆಸಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಇದೇ ಕಾರಣಕ್ಕೆ.

ಹೊಲದ ನಡುವೆ ದುರ್ಬೀನು ಹಿಡಿದು ನಿಂತವರನ್ನು ಈ ಸೀಮೆಯ ರೈತರು ಮಾತಾಡಿಸದೆ ಬಿಡುವುದಿಲ್ಲ.

“ಏನ್ ಹುಡುಕಾಕತ್ತೀ ತಮ್ಮಾ? ಏನರ ಕಳಕೊಂಡಿ ಏನು?”

“ಇಲ್ರೀ ಅಜ್ಜಾರ, ಆ ಹಕ್ಕಿ ನೋಡಾಕತ್ತೇನ್ರಿ.”

“ಅದು ಹದ್ದಲ್ಲೇನು?”

“ಅಲ್ರೀ. ರಷ್ಯಾದ ಕಡಿಂದ ಬರ್ತೈತ್ರಿ. ನಿಮ್ಮ ಹೊಲದಾಗಿನ ಮಿಡತಿ, ಇಲಿ ತಿಂದು ಮತ್ತ ಹೊಳ್ಳಿ ಹೋಗ್ತೈತಿ.”

“ಅಷ್ಟು ದೂರದಿಂದ, ನಮ್ಮ ಹೊಲಕ್ಕ?” ಅಜ್ಜ ಕಣ್ಣಿಗೆ ಕೈ ಅಡ್ಡ ಹಿಡಿದು ಹಕ್ಕಿ ಮರೆಯಾಗುವವರೆಗೆ ನೋಡುತ್ತಾರೆ. “ಶೀಗಿ ಹುಣ್ಣಿವಿ ಮುಂದ ಬರ್ತಾವು, ಹೋಳಿ ಹುಣ್ಣಿವಿ ಆತಂದ್ರ ಕಾಣೂದಿಲ್ಲ. ಅಷ್ಟು ನಾ ನೋಡೀನಿ ತಮ್ಮಾ.”

ಶೀಗಿ ಹುಣ್ಣಿಮೆ ಅಕ್ಟೋಬರಿನಲ್ಲಿ, ಹೋಳಿ ಮಾರ್ಚಿನಲ್ಲಿ. ಸೆಳೆವಗಳು ಬಂದು ನೆಲೆಸುವ, ಹೊರಟು ನಿಲ್ಲುವ ಕಾಲವನ್ನು ಪಕ್ಷಿಶಾಸ್ತ್ರದ ಪುಸ್ತಕಗಳು ಹೇಳುವುದೂ ಹೆಚ್ಚೂಕಡಿಮೆ ಇದನ್ನೇ! ಹೊಲದಲ್ಲಿ ಬದುಕಿದವರ ಕಣ್ಣು ಎಷ್ಟನ್ನು ಹಿಡಿದಿಟ್ಟಿರುತ್ತದೆ ನೋಡಿ.

ಒಂದು ಉಂಡೆಯೊಳಗಿನ ಕತೆ

ಮಧ್ಯಾಹ್ನದ ಕೆಲಸ ಇನ್ನೂ ಸೋಜಿಗದ್ದು. ಸೆಳೆವಗಳು ಮರದ ಮೇಲೆ ಮಲಗುವುದಿಲ್ಲ. ರಾತ್ರಿ ಕಳೆಯುವುದು ನೆಲದ ಮೇಲೆ, ಹುಲ್ಲಿನ ನಡುವೆ, ಹಲವು ಹಕ್ಕಿಗಳು ಒಂದೇ ಬಯಲಿನಲ್ಲಿ. ಹಗಲು ಅವು ಬೇಟೆಗೆ ಹೋದಾಗ ಸಂಶೋಧಕರು ಆ ಹುಲ್ಲಿನೊಳಗೆ ಬಗ್ಗಿ ಹುಡುಕುತ್ತಾರೆ. ಹುಲ್ಲು ಒತ್ತಿ ತಟ್ಟೆಯಷ್ಟಗಲ ಮಲಗಿದ ಗುರುತು, ಬಿಳಿ ಹಿಕ್ಕೆ, ಅದರ ಪಕ್ಕದಲ್ಲಿ ಬೂದು ಬಣ್ಣದ, ಎರಡು ಮೂರು ಸೆಂಟಿಮೀಟರಿನ ಒಣ ಉಂಡೆ. ಅದೇ ಪೆಲೆಟ್. ತಿಂದದ್ದರಲ್ಲಿ ಜೀರ್ಣವಾಗದ್ದನ್ನು ಹಕ್ಕಿ ಹೀಗೆ ಉಂಡೆಕಟ್ಟಿ ಬಾಯಿಯಿಂದ ಹೊರಹಾಕುತ್ತದೆ.

ಪ್ರತಿ ಉಂಡೆಗೂ ಒಂದೊಂದು ಕಾಗದದ ಲಕೋಟೆ, ಅದರ ಮೇಲೆ ದಿನ, ಜಾಗ. ಮನೆಗೆ ತಂದು ಒಣಗಿಸಿ, ಬಿಳಿ ತಟ್ಟೆಯಲ್ಲಿಟ್ಟು, ಚಿಮುಟದಿಂದ ಎಳೆಎಳೆಯಾಗಿ ಬಿಡಿಸುತ್ತಾರೆ. ಹಗಲು ಬೇಟೆಯಾಡುವ ಹಕ್ಕಿಗಳ ಹೊಟ್ಟೆಯ ಆಮ್ಲ ಗೂಬೆಯದಕ್ಕಿಂತ ತೀಕ್ಷ್ಣ, ಹಾಗಾಗಿ ಮೂಳೆ ಬಹಳಷ್ಟು ಕರಗಿಹೋಗಿರುತ್ತದೆ. ಆದರೆ ಇಲಿಯ ಕೂದಲು ಉಳಿದಿರುತ್ತದೆ, ಹಲ್ಲು ಉಳಿದಿರುತ್ತದೆ. ಓತಿಕ್ಯಾತದ ಹುರುಪೆ, ಸಣ್ಣ ಹಕ್ಕಿಯ ಗರಿ, ದುಂಬಿಯ ಮಿರುಗುವ ರೆಕ್ಕೆಚಿಪ್ಪು. ಮಸೂರದ ಕೆಳಗೆ ಕಂದು ಬಣ್ಣದ, ಹಲ್ಲುಹಲ್ಲಾದ ಪುಟ್ಟ ಚೂರುಗಳು ಹೊಳೆಯುತ್ತವೆ. ಅವು ಮಿಡತೆಯ ದವಡೆ! ಒಂದು ಮಿಡತೆಗೆ ಎಡಕ್ಕೊಂದು, ಬಲಕ್ಕೊಂದು. ಎಡದವು ಎಷ್ಟು, ಬಲದವು ಎಷ್ಟು ಎಂದು ಬೇರೆಬೇರೆ ಎಣಿಸಿದರೆ ಆ ಹಕ್ಕಿ ಕಡಿಮೆಯೆಂದರೂ ಎಷ್ಟು ಮಿಡತೆ ತಿಂದಿತ್ತೆಂದು ಲೆಕ್ಕ ಸಿಗುತ್ತದೆ. ಹಕ್ಕಿಯನ್ನು ಮುಟ್ಟದೆ, ಹಿಡಿಯದೆ, ಹೆದರಿಸದೆ ಅದರ ಊಟದ ಪಟ್ಟಿ ಕೈಗೆ! ಭಾರತದಲ್ಲಿ ಚಳಿಗಾಲ ಕಳೆಯುವ ಮೊಂಟಾಗು ಸೆಳೆವದ ದೊಡ್ಡ ಆಹಾರ ಮಿಡತೆಯೇ ಎಂದು ಲೋಕಕ್ಕೆ ತಿಳಿದದ್ದು ಹೀಗೆ ಉಂಡೆ ಬಿಡಿಸಿದವರಿಂದ. ಕೂಲಿ ಕೇಳದೆ ನಮ್ಮ ಬೆಳೆ ಕಾಯುವವರು ಯಾರೆಂಬುದು ಆ ತಟ್ಟೆಯ ಮೇಲೆ ಬಿದ್ದಿರುತ್ತದೆ.

ಇಳಿಹೊತ್ತಿನ ಎಣಿಕೆ

ಸಂಜೆ ಐದಾಯಿತೆಂದರೆ ಹುಲ್ಲು ಬಯಲಿನಿಂದ ದೂರದಲ್ಲಿ, ಬದುವಿಗೆ ಮೈ ತಾಗಿಸಿ ಕೂರಬೇಕು. ಅಲ್ಲಾಡಬಾರದು. ಆ ಜಾಗದ ಹೆಸರನ್ನು ಸಂಶೋಧಕರು ಹೊರಗೆ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕ್ಯಾಮೆರಾ ಹಿಡಿದ ನಾಲ್ಕು ಜನ ಒಂದು ಸಂಜೆ ಒಳಗೆ ನುಗ್ಗಿದರೆ ಸಾಕು, ಹಕ್ಕಿಗಳು ಜಾಗ ಬಿಟ್ಟೇ ಹೋಗಬಹುದು.

ಸೂರ್ಯ ಇಳಿಯುತ್ತಿದ್ದಂತೆ ಮೊದಲನೆಯದು ಬರುತ್ತದೆ. ದಿಗಂತದಲ್ಲಿ ಒಂದು ಚುಕ್ಕಿ, ಆಮೇಲೆ ರೆಕ್ಕೆ, ಆಮೇಲೆ ಬೂದು ಗಂಡು. ಬಯಲನ್ನು ಸುತ್ತುತ್ತದೆ, ಕೂರುವುದಿಲ್ಲ. ಇನ್ನೊಂದು ಪಶ್ಚಿಮದಿಂದ. ಎರಡು ಕಂದು ಹಕ್ಕಿ ಉತ್ತರದಿಂದ. ಒಂದು ಬಿಳಿ ಸೆಳೆವ, ಅದರ ಹಿಂದೆ ಮತ್ತೊಂದು! ನಾಲ್ಕೂ ದಿಕ್ಕಿನಿಂದ ಬರುತ್ತಲೇ ಇವೆ, ಹುಲ್ಲಿನ ಮೇಲೆ ಎತ್ತರ ತಗ್ಗಾಗಿ ಸುತ್ತುತ್ತಿವೆ, ಒಂದನ್ನೊಂದು ಅಟ್ಟುತ್ತಿವೆ, ಇಳಿಯುತ್ತವೆ, ಮತ್ತೆ ಏಳುತ್ತವೆ. ಒಂದೇ ಹಕ್ಕಿಯನ್ನು ಎರಡು ಸಲ ಎಣಿಸಬಾರದು, ಇಳಿದದ್ದನ್ನು ಮರೆಯಬಾರದು. ಒಬ್ಬರು ಸ್ಕೋಪಿನಲ್ಲಿ ಕಣ್ಣಿಟ್ಟು ಪಿಸುಗುಡುತ್ತಾರೆ, ಇನ್ನೊಬ್ಬರು ಕತ್ತಲಲ್ಲೇ ಬರೆದುಕೊಳ್ಳುತ್ತಾರೆ: ಜಾತಿ, ಗಂಡು, ಹೆಣ್ಣು, ಮರಿ, ಬಂದ ದಿಕ್ಕು. ಹೊಲದ ಕೆಲಸ ಮುಗಿಸಿದ ಟ್ರ್ಯಾಕ್ಟರುಗಳು ಊರಿಗೆ ಮರಳುವ ಹೊತ್ತಿಗೆ ಅರ್ಧ ಖಂಡ ದಾಟಿ ಬಂದ ಹಕ್ಕಿಗಳು ಆ ಊರಿನ ಹುಲ್ಲಿನೊಳಗೆ ಮಲಗಿರುತ್ತವೆ!

ಗುಜರಾತಿನ ವೇಲಾವದರ್ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನದಲ್ಲಿ ಇಂಥದೇ ತಂಗುದಾಣವಿದೆ. ಅಲ್ಲಿಯ ಎಣಿಕೆಯನ್ನು ಸೆಳೆವಗಳ ವಿಶ್ವದಾಖಲೆಯೆಂದು 1998ರಲ್ಲಿ ಪ್ರಕಟಿಸಲಾಯಿತು. ಆಂಧ್ರದ ರೋಳ್ಳಪಾಡು ಇನ್ನೊಂದು ಹೆಸರಾಂತ ಜಾಗ. ಕಜಕಿಸ್ತಾನದ ಬಿಳಿ ಸೆಳೆವಗಳ ಬಗ್ಗೆ 2012ರಲ್ಲಿ ಬಂದ ಅಧ್ಯಯನವಂತೂ ರೋಮಾಂಚನ ಹುಟ್ಟಿಸುತ್ತದೆ. ಒಂದೇ ಬಯಲಿನಲ್ಲಿ ಮರಿಮಾಡುವ ಹಕ್ಕಿಗಳಲ್ಲಿ ಕೆಲವು ಚಳಿಗಾಲಕ್ಕೆ ಆಫ್ರಿಕಕ್ಕೆ ಹೋಗುತ್ತವೆ, ಕೆಲವು ಭಾರತಕ್ಕೆ ಬರುತ್ತವೆ! ಒಂದೇ ತವರು, ಎರಡು ಖಂಡ.

ಈ ಎಣಿಕೆಗಳು ಕಹಿ ಸುದ್ದಿಯನ್ನೂ ತಂದಿವೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಎಂ. ಬಿ. ಪ್ರಶಾಂತ್ ದೇಶದ ಹಲವು ತಂಗುದಾಣಗಳ 30 ವರ್ಷಗಳ ಎಣಿಕೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಚಳಿಗಾಲಕ್ಕೆ ಬರುವ ಸೆಳೆವಗಳು ಕಡಿಮೆಯಾಗುತ್ತಿವೆ ಎಂಬ ಸೂಚನೆ ಅದರಲ್ಲಿ ಸಿಕ್ಕಿತು. “ಭಾರತದ ಹಕ್ಕಿಗಳ ಸ್ಥಿತಿಗತಿ 2023” ವರದಿಯೂ ಬಯಲು ಸೀಮೆಯ ಹಕ್ಕಿಗಳು, ಬೇಟೆಗಾರ ಹಕ್ಕಿಗಳು ಹೆಚ್ಚು ಸೊರಗುತ್ತಿವೆ ಎಂದಿತು. ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ 338 ಪ್ರಭೇದಗಳಲ್ಲಿ ನೂರಕ್ಕೆ 60ರಷ್ಟು ಇಳಿಮುಖವಾಗಿವೆ. ನಮ್ಮ ನೀಲಕಂಠವೂ ಆ ಪಟ್ಟಿಯಲ್ಲಿದೆ! ಈ ವರದಿಗೆ ಆಧಾರ ಒದಗಿಸಿದವರು 30,000 ಪಕ್ಷಿವೀಕ್ಷಕರು. ಹೊಲದ ಬದುವಿನಲ್ಲಿ ವಹಿ ಹಿಡಿದು ಕೂತವರ ಬರಹ ಹೀಗೆ ದೇಶದ ಲೆಕ್ಕಕ್ಕೆ ಸೇರುತ್ತದೆ.

ಬಯಲಿನಿಂದ ಕಾಡಿಗೆ ಒಂದೂವರೆ ತಾಸು

ಧಾರವಾಡ ಜಿಲ್ಲೆಯ ಇನ್ನೊಂದು ಅದ್ಭುತ ಅದರ ಓರೆ. ನವಲಗುಂದದ ಎರಿ ಹೊಲದಿಂದ ಹೊರಟು ಹುಬ್ಬಳ್ಳಿ ದಾಟಿ ಕಲಘಟಗಿ ಮುಟ್ಟಲು ಒಂದೂವರೆ ತಾಸು ಸಾಕು. ಅಷ್ಟರಲ್ಲಿ ಮಣ್ಣು ಕಪ್ಪಿನಿಂದ ಕೆಂಪಾಗುತ್ತದೆ, ಜೋಳ ಹೋಗಿ ಭತ್ತ ಬರುತ್ತದೆ, ಬಯಲು ಮುಗಿದು ಮಲೆನಾಡಿನ ಸೆರಗು ಶುರುವಾಗುತ್ತದೆ. ಬೆಳಗ್ಗೆ ಹುಲ್ಲು ಬಯಲಿನ ಸೆಳೆವ ಕಂಡವರು ಮಧ್ಯಾಹ್ನ ಕಾಡಂಚಿನಲ್ಲಿ ಮಂಗಟ್ಟೆ ಕಾಣಬಹುದು! ಹುಬ್ಬಳ್ಳಿಯ ಇನ್ನೊಂದು ಪಕ್ಕಕ್ಕೆ ಗಾಯಕ ಸವಾಯಿ ಗಂಧರ್ವರ ಕುಂದಗೋಳ, ಹತ್ತಿ ಮತ್ತು ಮೆಣಸಿನಕಾಯಿಯ ಸೀಮೆ. ಒಂದು ಹಕ್ಕಿ ಎಲ್ಲಿ ನಿಂತು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಈ ಬಯಲು, ಕಾಡುಗಳ ನಡುವಿನ ಸಣ್ಣ ಕೆರೆಗಳನ್ನು ಓದಿದವರು ಧಾರವಾಡದ ಪ್ರಾಣಿಶಾಸ್ತ್ರಜ್ಞ ಡಾ. ಜೆ. ಸಿ. ಉತ್ತಂಗಿ. ಜಿಲ್ಲೆಯ ಸಣ್ಣ ನೀರಾವರಿ ಕೆರೆಗಳು ವಲಸೆ ನೀರುಹಕ್ಕಿಗಳ ದಾರಿಯ ತಂಗುದಾಣಗಳು, ಅವನ್ನು ಕಾಯಬೇಕು ಎಂದು ಅವರು 2001ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಬರೆದರು. ಅಣ್ಣಿಗೇರಿಯ ಆಚೆ, ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿ ನೋಡಿದರೆ ಆ ಮಾತಿನ ಸತ್ಯ ಕಣ್ಣಿಗೆ ಹೊಡೆಯುತ್ತದೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬಂದಿಳಿಯುತ್ತವೆ. ಉಪಗ್ರಹ ಟ್ಯಾಗ್ ಕಟ್ಟಿದ ಈ ಜಾತಿಯ ಹಕ್ಕಿಯೊಂದು 7,290 ಮೀಟರ್ ಎತ್ತರದಲ್ಲಿ ಹಾರಿದ ದಾಖಲೆಯಿದೆ! ಊರವರು ಜತನದಿಂದ ಕಾಯ್ದ ಆ ಕೆರೆ 2024ರ ಜನವರಿಯಲ್ಲಿ ರಾಮ್‌ಸರ್ ತಾಣವಾಗಿ ಘೋಷಣೆಯಾಯಿತು. ಕೆರೆಗೆ ಸಿಕ್ಕ ಆ ಮಾನ ಹುಲ್ಲಿಗೆ ಇನ್ನೂ ಸಿಕ್ಕಿಲ್ಲ.

ಹುಲ್ಲು ಬಯಲನ್ನು ನಾವು ಬೀಳು ಅನ್ನುತ್ತೇವೆ, ಪಾಳು ಅನ್ನುತ್ತೇವೆ. ಗಾಯರಾಣ ಒತ್ತುವರಿಯಾಗುತ್ತದೆ, ಇಲ್ಲವೇ ಒಳ್ಳೆಯದು ಮಾಡುವ ಹುಮ್ಮಸ್ಸಿನಲ್ಲೇ ಅದರ ತುಂಬ ಸಸಿ ನೆಡುತ್ತೇವೆ. ನೆಲದ ಮೇಲೆ ಮಲಗುವ ಹಕ್ಕಿಗೆ ಮರ ತುಂಬಿದ ಬಯಲು ಮನೆಯಲ್ಲ. ಚಳಿಗಾಲದಲ್ಲಿ ಒಣಹುಲ್ಲಿಗೆ ಬೆಂಕಿ ಇಟ್ಟರೆ ಒಂದು ರಾತ್ರಿಯಲ್ಲಿ ಅದರ ಹಾಸಿಗೆ ಬೂದಿ. ಇದೇ ಎರಿ ಸೀಮೆಯ ಹಕ್ಕಿ ಎರೆಭೂತ ಇಂದು ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ಸೆಳೆವಕ್ಕೂ ಅದೇ ಗತಿ ಬರಬೇಕಿಲ್ಲ. ನೆದರ್‌ಲ್ಯಾಂಡ್ಸ್, ಫ್ರಾನ್ಸ್, ಸ್ಪೇನ್ ದೇಶಗಳಲ್ಲಿ ಇದೇ ಮೊಂಟಾಗು ಸೆಳೆವ ರೈತರ ಬೆಳೆಯ ನಡುವೆ ಗೂಡು ಮಾಡುತ್ತದೆ. ಕೊಯ್ಲಿಗೆ ಮುಂಚೆ ಕಾರ್ಯಕರ್ತರು ಗೂಡು ಹುಡುಕುತ್ತಾರೆ, ರೈತರು ಅದರ ಸುತ್ತ ಒಂದಿಷ್ಟು ಬೆಳೆ ಬಿಟ್ಟು ಕೊಯ್ಯುತ್ತಾರೆ. ಅಲ್ಲಿ ಬೇಸಿಗೆಯಲ್ಲಿ ರೈತರು ಕಾಯುವ ಹಕ್ಕಿಯನ್ನು ಇಲ್ಲಿ ಚಳಿಗಾಲದಲ್ಲಿ ನಾವು ಕಾಯಲಾರೆವೆ?

ಬೇಕಾದದ್ದು ಬಹಳವಿಲ್ಲ. ಊರ ಗಾಯರಾಣದಲ್ಲಿ ಒಂದಿಷ್ಟು ಹುಲ್ಲನ್ನು ಹುಲ್ಲಾಗಿಯೇ ಬಿಡಿ. ಬದುವಿನ ಕರಿಕಿಗೆ ಚಳಿಗಾಲದಲ್ಲಿ ಬೆಂಕಿ ಹಚ್ಚಬೇಡಿ. ಕಡ್ಲಿಗೆ ಔಷಧ ಹೊಡೆಯುವ ಮೊದಲು ಹಕ್ಕಿ ಕೂರುವ ನಾಲ್ಕು ಕೋಲು ನೆಟ್ಟು ನೋಡಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಮಕ್ಕಳ ಕೈಗೆ ಒಂದು ದುರ್ಬೀನು ಕೊಡಿ, ಕಂಡ ಹಕ್ಕಿಯನ್ನು ದಿನಾಂಕ ಹಾಕಿ ಬರೆಯಲು ಹೇಳಿ, ಇ-ಬರ್ಡ್‌ನಲ್ಲಿ ದಾಖಲಿಸಿ. ಶೀಗಿ ಹುಣ್ಣಿಮೆಯಿಂದ ಹೋಳಿಯವರೆಗೆ ನಿಮ್ಮ ಹೊಲದ ಮೇಲೆ ಬೂದು ರೆಕ್ಕೆಯೊಂದು ಸಾಲು ಹಿಡಿದು ಹೋದರೆ ಅದನ್ನು ಹದ್ದೆಂದು ಬಿಡಬೇಡಿ. ನಿಂತು ನೋಡಿ, ಎಣಿಸಿ, ಪಕ್ಕದ ಹೊಲದವರಿಗೂ ತೋರಿಸಿ.